‘ರೈಸ್ ಹಿಡ್ಕಂಡೈತಿ’: ಎಲೆಕ್ಟ್ರಾನಿಕ್ ಥ್ರಾಟಲ್ ಮತ್ತು ಗಡಿನಾಡಿನ ಕನ್ನಡದಲ್ಲಿ ಅದನ್ನು ವಿವರಿಸುವ ಬಗೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಧ್ವನಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ.

ಕನ್ನಡ ಎಂ.ಎ. ಓದುವವರಿಗೆ ಬೈಕಿನ ಥ್ರಾಟಲ್ ಯಾಕೆ ಬೇಕು ಅಂತ ಕೆಲವರಿಗೆ ಅನ್ನಿಸಬಹುದು. ಇದಕ್ಕೆ ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ಉತ್ತರವಿದೆ. 11ನೇ ಶತಮಾನದ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ಗುರುತಿಸುವುದು, ಅಡುಗೆ, ಗಿಡಮರಗಳ ಆರೈಕೆ ಇಂಥ ದಿನಬಳಕೆಯ ತಿಳಿವಳಿಕೆಯನ್ನು ಕನ್ನಡದಲ್ಲಿ ಕೊಟ್ಟ. 12ನೇ ಶತಮಾನದ ಕೀರ್ತಿವರ್ಮ ದನಕರುಗಳ ಕಾಯಿಲೆಯ ಬಗ್ಗೆ ‘ಗೋವೈದ್ಯ’ ಬರೆದ. ಎತ್ತಿಗೆ ಕಾಯಿಲೆ ಬಂದರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಹೇಳಿದ ಪರಂಪರೆ ನಮ್ಮದು. ಎತ್ತಿನ ಗಾಡಿ ಹೋಗುತ್ತಿದ್ದ ದಾರಿಯಲ್ಲಿ ಈಗ ಬೈಕ್ ಹೋಗ್ತಿದೆ. ಅದಕ್ಕೆ ಏನಾದರೂ ಆದರೆ ಹೇಳೋಕೆ ಒಂದು ಕನ್ನಡ ಬೇಕಲ್ಲ?

ನಾನು ಆದೋನಿ ಕಡೆಯವರ ಮಾತಿನಿಂದ ಹೊರಡ್ತೀನಿ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅವತ್ತು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ಮನೆಮಾತು ಅಷ್ಟು ಬೇಗ ಬದಲಾಗಲಿಲ್ಲ. ಪಶ್ಚಿಮ ಕರ್ನೂಲಿನ ಗ್ಯಾರೇಜುಗಳಲ್ಲಿ ಇವತ್ತಿಗೂ ತೆಲುಗು, ಕನ್ನಡ, ದಖನಿ ಉರ್ದು ಮೂರೂ ಒಂದೇ ಮಾತುಕತೆಯಲ್ಲಿ ಓಡಾಡ್ತವೆ. ಅಲ್ಲಿ ಬೈಕಿನ ಬಲಗೈ ಹಿಡಿಕೆಗೆ ‘ಎಕ್ಸ್‌ಲೇಟರ್’ ಅಂತಾರೆ, ಅದನ್ನು ತಿರುವುವುದಕ್ಕೆ ‘ರೈಸ್ ಮಾಡೋದು’. ಬಿಟ್ಟ ಮೇಲೂ ಇಂಜಿನ್ ಇಳಿಯದಿದ್ದರೆ ‘ರೈಸ್ ಹಿಡ್ಕಂಡೈತಿ’. ತಿರುವಿದರೂ ಇಂಜಿನ್ ಏರದಿದ್ದರೂ ಅದೇ ಮಾತು. ಹಿಡಿಕೆಯೇ ಬಿಗಿಯಾಗಿ ತಿರುಗದಿದ್ದರೂ ಅದೇ ಮಾತು.

ಕೇಬಲ್ ಇದ್ದ ಕಾಲದಲ್ಲಿ ಈ ಒಂದು ಮಾತು ಸಾಕಾಗ್ತಿತ್ತು. ಎಲೆಕ್ಟ್ರಾನಿಕ್ ಥ್ರಾಟಲ್ ಬಂದ ಮೇಲೆ ಸಾಕಾಗ್ತಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಹಿಡಿದುಕೊಂಡಿದೆ ಅನ್ನುವುದರ ಜೊತೆಗೆ ಎಲ್ಲಿ ಹಿಡಿದುಕೊಂಡಿದೆ ಅಂತಲೂ ಹೇಳುವ ವಿವರಣೆ ನಮ್ಮ ಭಾಷೆಯಲ್ಲಿ ಇರಬೇಕು. ಇಲ್ಲದಿದ್ದರೆ ರಿಪೇರಿ ತಪ್ಪು ಜಾಗದಲ್ಲಿ ನಡೆಯುತ್ತೆ, ಸವಾರ ಅದೇ ಬೈಕಿನಲ್ಲಿ ಮತ್ತೆ ರಸ್ತೆಗೆ ಇಳೀತಾನೆ.

1. ಕೇಬಲ್ ಹೋಗಿ ತಂತಿ ಬಂದಿದ್ದು

ಹಳೆಯ ಬೈಕಿನಲ್ಲಿ ಹಿಡಿಕೆಯಿಂದ ಕಾರ್ಬುರೇಟರಿನವರೆಗೆ ಒಂದು ಉಕ್ಕಿನ ಕೇಬಲ್ ಇರುತ್ತೆ. ಕೈ ತಿರುವಿದರೆ ಕೇಬಲ್ ಎಳೆಯುತ್ತೆ, ಗಾಳಿಯ ದಾರಿ ತೆರೆಯುತ್ತೆ. ಕೈ ಬಿಟ್ಟರೆ ಸ್ಪ್ರಿಂಗ್ ಮುಚ್ಚುತ್ತೆ.

ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಕೈಗೂ ಇಂಜಿನ್ನಿಗೂ ನೇರ ಎಳೆತ ಇಲ್ಲ. ಹಿಡಿಕೆ ಎಷ್ಟು ತಿರುಗಿದೆ ಅಂತ ಒಂದು ಸೆನ್ಸರ್ ಅಳೆದು, ಆ ಲೆಕ್ಕವನ್ನು ಇಸಿಯು ಅನ್ನುವ ಚಿಕ್ಕ ಕಂಪ್ಯೂಟರಿಗೆ ಕಳಿಸುತ್ತೆ. ಇಸಿಯು ಒಂದು ಪುಟ್ಟ ಮೋಟರಿಗೆ ಅಪ್ಪಣೆ ಕೊಡುತ್ತೆ. ಆ ಮೋಟರು ಥ್ರಾಟಲ್ ಬಾಡಿಯ ಒಳಗಿರುವ ಬಟರ್‌ಫ್ಲೈ ತಟ್ಟೆಯನ್ನು ತಿರುಗಿಸುತ್ತೆ. ತಟ್ಟೆ ನಿಜವಾಗಿ ಎಷ್ಟು ತೆರೆದಿದೆ ಅಂತ ಅಲ್ಲಿರುವ ಇನ್ನೊಂದು ಸೆನ್ಸರ್ ವಾಪಸ್ ವರದಿ ಮಾಡುತ್ತೆ. ಸಾಮಾನ್ಯವಾಗಿ ಎರಡೂ ಕಡೆ ಸೆನ್ಸರಿನಲ್ಲಿ ಜೋಡಿ ಸಾಲುಗಳಿರುತ್ತವೆ. ಒಂದು ಸುಳ್ಳು ಹೇಳಿದರೆ ಇನ್ನೊಂದರಿಂದ ಗೊತ್ತಾಗಲಿ ಅಂತ.

ಯಮಾಹಾ 2006ರ ಆರ್6 ಬೈಕಿನಲ್ಲಿ ಇಂಥ ವ್ಯವಸ್ಥೆ ತಂದಾಗ ಹಿಡಿಕೆಯಿಂದ ಸೆನ್ಸರಿನವರೆಗೆ ಕೇಬಲ್ಲು ಉಳಿದಿತ್ತು. ಆಮೇಲೆ ಬಂದ ಬಹಳಷ್ಟು ಬೈಕುಗಳಲ್ಲಿ ಅದೂ ಹೋಯಿತು. ಒಂದು ಕಾಲಕ್ಕೆ ದುಬಾರಿ ಬೈಕುಗಳಿಗಷ್ಟೇ ಸೀಮಿತವಾಗಿದ್ದ ಇದು ಈಗ ನಮ್ಮ ರಸ್ತೆಗಳಲ್ಲೂ ಇದೆ. 2023ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಟ್ರಯಂಫ್ ಸ್ಪೀಡ್ 400 ಎರಡರಲ್ಲೂ ಈ ವ್ಯವಸ್ಥೆ ಇದೆ. ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. 2020ರ ಏಪ್ರಿಲ್ 1ರಿಂದ ಬಿಎಸ್-6 ಕಡ್ಡಾಯವಾದ ಮೇಲೆ ಹೆಚ್ಚಿನ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂತು. ಹಾಗಂತ ಅವೆಲ್ಲಕ್ಕೂ ಎಲೆಕ್ಟ್ರಾನಿಕ್ ಥ್ರಾಟಲ್ ಬರಲಿಲ್ಲ. ಇಂಜೆಕ್ಷನ್ ಇದ್ದು ಕೇಬಲ್ಲೂ ಇರುವ ಬೈಕುಗಳು ಸಾಕಷ್ಟಿವೆ.

2. ಒಂದು ಮಾತು, ಮೂರು ಜಾಗ

ಮೊದಲನೆಯದು ಹಿಡಿಕೆ. ಕೇಬಲ್ಲೇ ಇಲ್ಲ ಅಂದಮೇಲೆ ಸಿಕ್ಕಿಕೊಳ್ಳೋದು ಹೇಗೆ ಅಂತ ಕೇಳ್ತಾರೆ. ಹಿಡಿಕೆಯ ರಬ್ಬರು ಜಾರಿ ಹ್ಯಾಂಡಲಿನ ತುದಿಯ ಭಾರಕ್ಕೆ ಉಜ್ಜಿದರೆ ಸಾಕು. ಹೊರಗಡೆ ಹಾಕಿಸಿದ ದಪ್ಪ ಗ್ರಿಪ್, ಕೈ ಕಾಯುವ ಹ್ಯಾಂಡ್‌ಗಾರ್ಡ್, ಒಳಗೆ ಸೇರಿದ ಧೂಳು, ಇವೂ ಕಾರಣ. ಆದೋನಿ ಹತ್ತಿಯ ಊರು. ಮಾರುಕಟ್ಟೆ, ಜಿನ್ನಿಂಗ್ ಮಿಲ್ಲುಗಳ ಸುತ್ತ ಹತ್ತಿಯ ಎಳೆ ಗಾಳಿಯಲ್ಲೇ ಇರುತ್ತೆ. ಜಿಡ್ಡಿರುವ ಕಡೆ ಅದು ಹೋಗಿ ಅಂಟಿಕೊಳ್ಳುತ್ತೆ. ಇಲ್ಲಿ ಸೆನ್ಸರಿನ ತಪ್ಪೇನೂ ಇಲ್ಲ. ಹಿಡಿಕೆ ತೆರೆದೇ ಇದೆ, ಅದು ತೆರೆದಿದೆ ಅಂತಲೇ ಹೇಳುತ್ತೆ. ಇಸಿಯು ಅದನ್ನು ಸವಾರನ ಇಷ್ಟ ಅಂತಲೇ ತಿಳಿಯುತ್ತೆ, ಹಾಗಾಗಿ ಎಚ್ಚರಿಕೆಯ ದೀಪವೂ ಹತ್ತದೆ ಇರಬಹುದು. ಮೂರರಲ್ಲಿ ಇದನ್ನು ಹುಡುಕುವುದು ಸುಲಭ, ಕಡೆಗಣಿಸುವುದೂ ಅಷ್ಟೇ ಸುಲಭ.

ಎರಡನೆಯದು ಬಟರ್‌ಫ್ಲೈ ತಟ್ಟೆ. ಇಂಜಿನ್ನಿನಿಂದ ವಾಪಸ್ ಬರುವ ಎಣ್ಣೆಯ ಆವಿ, ಮಸಿ, ಧೂಳು ಸೇರಿ ತಟ್ಟೆಯ ಅಂಚಿನಲ್ಲಿ ಕಪ್ಪು ಜಿಡ್ಡಾಗುತ್ತೆ. ಆಗ ತಟ್ಟೆ ಪೂರ್ತಿ ಮುಚ್ಚೋದಿಲ್ಲ, ಇಲ್ಲವೇ ತಡವರಿಸಿ ಮುಚ್ಚುತ್ತೆ. ಇಸಿಯು ಕೇಳಿದ ಕೋನಕ್ಕೂ ತಟ್ಟೆ ನಿಂತ ಕೋನಕ್ಕೂ ತಾಳೆಯಾಗದಿದ್ದರೆ ದೀಪ ಹತ್ತುತ್ತೆ, ಶಕ್ತಿ ಇಳಿಯುತ್ತೆ.

ಮೂರನೆಯದು ಸಂಕೇತ. ಕನೆಕ್ಟರಿನಲ್ಲಿ ನೀರು, ಹಸಿರು ಕಿಲುಬು, ಹ್ಯಾಂಡಲ್ ತಿರುಗುವ ಕಡೆ ಸವೆದ ತಂತಿ, ಸೊರಗಿದ ಬ್ಯಾಟರಿ. ಜೋಡಿ ಸಾಲುಗಳು ಒಂದಕ್ಕೊಂದು ಒಪ್ಪದಿದ್ದಾಗ ಇಸಿಯು ಸುರಕ್ಷಿತ ಸ್ಥಿತಿಗೆ ಹೋಗುತ್ತೆ: ಬೈಕ್ ನಿಧಾನವಾಗಿ ಮನೆ ಸೇರುವಷ್ಟು ಮಾತ್ರ ಓಡುತ್ತೆ. ಇದಕ್ಕೂ ‘ಹಿಡ್ಕಂಡೈತಿ’ ಅಂತಾರಲ್ಲ, ಆದರೆ ಇಲ್ಲಿ ಯಾವುದೂ ಸಿಕ್ಕಿಕೊಂಡಿಲ್ಲ. ಬೈಕ್ ತನ್ನ ಸವಾರನನ್ನು ಕಾಯ್ತಿದೆ.

ಇಸಿಯು ತಾನು ಕಂಡ ದೋಷವನ್ನು ಸಂಖ್ಯೆಯಾಗಿ ಬರೆದಿಟ್ಟುಕೊಳ್ಳುತ್ತೆ. ವಾಹನಗಳ ಸಾಮಾನ್ಯ ಪಟ್ಟಿಯಲ್ಲಿ ಪಿ2135, ಪಿ2138 ಅಂತ ಎರಡು ಸಂಕೇತಗಳಿವೆ. ಎರಡರ ಅರ್ಥವೂ ಜೋಡಿ ಸೆನ್ಸರುಗಳ ಲೆಕ್ಕ ತಾಳೆಯಾಗುತ್ತಿಲ್ಲ ಅಂತ. ಮೊದಲನೆಯದು ಹೆಚ್ಚಾಗಿ ತಟ್ಟೆಯ ಕಡೆಯದು, ಎರಡನೆಯದು ಹಿಡಿಕೆ ಅಥವಾ ಪೆಡಲ್ ಕಡೆಯದು. ಕೆಲವು ಕಂಪನಿಗಳು ತಮ್ಮದೇ ಸಂಖ್ಯೆ ಬಳಸುತ್ತವೆ. ನಮ್ಮ ಆಡುಮಾತಿನಲ್ಲಿ ಇರದ ಜಾಗದ ವಿವರ ಈ ಸಂಖ್ಯೆಯಲ್ಲಿ ಇರುತ್ತೆ.

3. ಓಡುವಾಗ ಹಿಡಿದುಕೊಂಡರೆ

ಇದನ್ನು ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳ್ತೀನಿ. ಆ ಹೊತ್ತಿನಲ್ಲಿ ಉದ್ದ ವಾಕ್ಯ ನೆನಪಾಗೋದಿಲ್ಲ.

ಕ್ಲಚ್ ಪೂರ್ತಿ ಹಿಡಿಯಿರಿ. ಹಿಡಿಕೆಯನ್ನು ಮುಂದಕ್ಕೆ ತಿರುವಿ ಮುಚ್ಚಿ. ಬಲಗೈ ಹೆಬ್ಬೆರಳಿನಿಂದ ಕಿಲ್ ಸ್ವಿಚ್ ಒತ್ತಿ. ಎರಡೂ ಬ್ರೇಕ್ ಹದವಾಗಿ ಹಿಡಿಯಿರಿ. ಎಡಬದಿಗೆ ಬನ್ನಿ.

ಕ್ಲಚ್ ಹಿಡಿದ ಕೂಡಲೇ ಇಂಜಿನ್ ಕಿರುಚುತ್ತೆ. ಆ ಸದ್ದಿಗೆ ಹೆದರಿ ಕ್ಲಚ್ ಬಿಟ್ಟರೆ ಬೈಕ್ ಮುಂದಕ್ಕೆ ನುಗ್ಗುತ್ತೆ, ಅದಕ್ಕೇ ಬಿಡಬಾರದು. ಕಿಲ್ ಸ್ವಿಚ್ ಒತ್ತಿದರೆ ಬ್ರೇಕ್ ಹೋಗುತ್ತೆ ಅನ್ನೋದು ಸುಳ್ಳು. ಬೈಕಿನ ಬ್ರೇಕಿಗೆ ಇಂಜಿನ್ ಓಡಬೇಕಾಗಿಲ್ಲ. ಓಡುವಾಗ ಕೀಲಿಗೆ ಕೈ ಹಾಕುವುದು ಬೇಡ, ಕಣ್ಣು ರಸ್ತೆಯಿಂದ ಕದಲುತ್ತೆ. ಕಾರಣ ಸಿಗುವವರೆಗೆ ಮತ್ತೆ ಸ್ಟಾರ್ಟ್ ಮಾಡಿ ಹೊರಡಬಾರದು.

4. ನಿಂತ ಮೇಲೆ

ಇಂಜಿನ್ ಆರಿಸಿ ಹಿಡಿಕೆಯನ್ನು ಪೂರ್ತಿ ತಿರುವಿ ಬಿಡಿ. ಅದು ತಟ್ಟನೆ ವಾಪಸ್ ಬರಬೇಕು. ಹ್ಯಾಂಡಲನ್ನು ಎಡತುದಿಗೆ, ಬಲತುದಿಗೆ ತಿರುಗಿಸಿ ಹಾಗೇ ನೋಡಿ. ಸೋಮಾರಿಯಾಗಿ ಬಂದರೆ ತೊಂದರೆ ಹಿಡಿಕೆಯಲ್ಲೇ ಇದೆ. ರಬ್ಬರಿಗೂ ತುದಿಯ ಭಾರಕ್ಕೂ ನಡುವೆ ಸಂದು ಇದೆಯೇ ನೋಡಿ.

ಹಿಡಿಕೆ ಸರಿಯಿದ್ದರೆ ಮೆಕ್ಯಾನಿಕ್ಕಿಗೆ ನಾಲ್ಕು ಸಂಗತಿ ಹೇಳಿ: ಇಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಮಳೆ ಅಥವಾ ವಾಟರ್ ಸರ್ವಿಸ್ ಆದ ಮೇಲೆ ಆಯಿತೋ, ಹ್ಯಾಂಡಲ್ ತಿರುಗಿಸಿದಾಗಲೋ, ದೀಪ ಹತ್ತಿತೋ ಇಲ್ಲವೋ. ಕ್ರೂಸ್ ಕಂಟ್ರೋಲ್ ಇರುವ ಬೈಕಾದರೆ ಅದು ಆನ್ ಇತ್ತೇ ಅಂತಲೂ ನೋಡಿ. ರೇನ್ ಮೋಡ್‌ನಲ್ಲಿ ಇಂಜಿನ್ ಮೆತ್ತಗೆ ಏರಬಹುದು, ಅದು ದೋಷ ಅಲ್ಲ.

ಕೇಬಲ್ ಕಾಲದ ಎರಡು ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತವೆ. ಒಂದು, ಸಿಕ್ಕಿದ ಕಡೆಗೆಲ್ಲ ಎಣ್ಣೆ ಸ್ಪ್ರೇ ಹೊಡೆಯೋದು: ಸೆನ್ಸರಿಗೆ, ಕನೆಕ್ಟರಿಗೆ ಅದು ಹಾನಿ ಮಾಡಬಹುದು, ಧೂಳನ್ನೂ ಕರೆಯುತ್ತೆ. ಎರಡು, ಬಟರ್‌ಫ್ಲೈ ತಟ್ಟೆಯನ್ನು ಬೆರಳಿನಿಂದ ತಳ್ಳಿ ನೋಡೋದು: ಕೀಲಿ ಆನ್ ಇದ್ದರೆ ಮೋಟರು ತಟ್ಟೆಯನ್ನು ಫಕ್ಕನೆ ಮುಚ್ಚಿ ಬೆರಳಿಗೆ ಪೆಟ್ಟಾದೀತು, ಪುಟ್ಟ ಹಲ್ಲುಚಕ್ರವೂ ಮುರಿದೀತು. ಕೆಲವು ಥ್ರಾಟಲ್ ಬಾಡಿಗಳ ಒಳಗೆ ಲೇಪನ ಇರುತ್ತೆ, ಕ್ಲೀನರ್ ಹಾಕಿದರೆ ಅದು ಎದ್ದು ಬರುತ್ತೆ. ಕಂಪನಿಯ ಕೈಪಿಡಿ ಒಪ್ಪಿದರೆ ಮಾತ್ರ ಶುಚಿ ಮಾಡಿಸಬೇಕು. ಶುಚಿ ಮಾಡಿದ ಮೇಲೆ ಅನೇಕ ಬೈಕುಗಳಲ್ಲಿ ‘ಮುಚ್ಚಿದ ಸ್ಥಿತಿ’ ಯಾವುದು ಅಂತ ಇಸಿಯುಗೆ ಮತ್ತೆ ಕಲಿಸಬೇಕಾಗುತ್ತೆ.

5. ಚರ್ಚೆಯಿಂದ

ವಿಭಾಗದ ಒಬ್ಬರು ಗುರುಗಳ ಪ್ರಶ್ನೆ: “ಥ್ರಾಟಲ್‌ಗೆ ಕನ್ನಡ ಪದ ಯಾಕೆ ಕೊಟ್ಟಿಲ್ಲ? ‘ವೇಗನಿಯಂತ್ರಕ’ ಅಂದರೆ ಆಗೋದಿಲ್ವೇನಪ್ಪ?”

ಉತ್ತರ: ಸರ್, ಆ ಪದ ಕೇಳೋಕೆ ಚೆನ್ನಾಗಿದೆ, ಆದರೆ ಅರ್ಥ ತಪ್ಪುತ್ತೆ. ಥ್ರಾಟಲ್ ಹಿಡಿತದಲ್ಲಿರೋದು ಇಂಜಿನ್ನಿಗೆ ಹೋಗುವ ಗಾಳಿ. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿದ್ದರೂ ವೇಗ ಏರಬಹುದು. ‘ವೇಗನಿಯಂತ್ರಕ ಕೆಟ್ಟಿದೆ’ ಅಂದರೆ ಕೇಳಿದವರಿಗೆ ಎಲ್ಲಿ ನೋಡಬೇಕು ಅಂತ ತಿಳಿಯಲ್ಲ. ‘ರೈಸ್’ ಅನ್ನೋದು ಇಂಗ್ಲಿಷಿನಿಂದ ಬಂದಿದ್ದರೂ ಈಗ ನಮ್ಮ ಪದವೇ. ಅದನ್ನು ಹಾಗೇ ಇಟ್ಟುಕೊಂಡು ‘ಹಿಡಿಕೆ ಕಡೆ ಹಿಡ್ಕಂಡೈತಿ’, ‘ತಟ್ಟೆ ಕಡೆ ಹಿಡ್ಕಂಡೈತಿ’, ‘ವೈರ್ ಕಡೆ ತೊಂದ್ರೆ ಐತಿ’ ಅಂತ ಜಾಗ ಸೇರಿಸಿದರೆ ಸಾಕು.

ಸಹಪಾಠಿಯೊಬ್ಬರ ಪ್ರಶ್ನೆ: “ನಮ್ಮಪ್ಪನ ಬೈಕಿಗೆ ಇನ್ನೂ ಕೇಬಲ್ಲೇ ಇದೆ. ಅವರಿಗೆ ಏನು ಹೇಳಲಿ?”

ಉತ್ತರ: ರಸ್ತೆಯಲ್ಲಿ ಮಾಡಬೇಕಾದ್ದು ಅದೇ, ಕ್ಲಚ್, ಹಿಡಿಕೆ, ಕಿಲ್ ಸ್ವಿಚ್, ಬ್ರೇಕ್. ಕಿಲ್ ಸ್ವಿಚ್ ಇಲ್ಲದ ಬೈಕಾದರೆ ಕ್ಲಚ್ ಬಿಡದೆ ಬ್ರೇಕ್ ಹಿಡಿದು ನಿಲ್ಲಿಸಿ, ಆಮೇಲೆ ಕೀಲಿ ಆಫ್ ಮಾಡಲಿ. ಕೇಬಲ್ಲಿನ ಒಂದು ಎಳೆ ಬಿಚ್ಚಿಕೊಂಡಿದ್ದು ಕಂಡರೂ ಎಣ್ಣೆ ಬಿಟ್ಟು ಸುಮ್ಮನಾಗೋದು ಬೇಡ, ಕೇಬಲ್ ಬದಲಾಯಿಸಲಿ. ಇವತ್ತು ಸಂಜೆ ಫೋನ್ ಮಾಡಿದಾಗ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ರೈಸ್ ವಾಪಸ್ ಬರುತ್ತಾ ನೋಡು ಅಂತ ಹೇಳಿ.