ಪೂರ್ತಿ ಕೇಳಬೇಕಿಲ್ಲದ ಕಥೆ

ಅಜ್ಜಿ ಕಥೆ ಹೇಳುವಾಗ ಮಗು 'ಹೂಂ' ಎನ್ನುತ್ತಿರಬೇಕು ಎಂಬುದು ನಮ್ಮ ಮನೆಗಳ ಹಳೆಯ ಕರಾರು. ಹೂಂಗುಟ್ಟುವುದು ನಿಂತರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ರಾಜಕುಮಾರ ಏಳು ಸಮುದ್ರ ದಾಟಿದನೋ ಇಲ್ಲವೋ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಿದ್ದೆಗಾಗಿ ಆಡಿಯೊಬುಕ್ ಹುಡುಕುವ ದೊಡ್ಡವರು ಮರೆಯುವುದು ಇದನ್ನೇ. ಪತ್ತೇದಾರಿ ಕಾದಂಬರಿ ಹಾಕಿಕೊಂಡು ಮಲಗಿದರೆ ಕೊಲೆಗಾರ ಸಿಗುವ ತನಕ ಕಣ್ಣು ಮುಚ್ಚುವುದಿಲ್ಲ. ಮಲಗುವ ಹೊತ್ತಿಗೆ ಬೇಕಾದದ್ದು, ಅರ್ಧಕ್ಕೆ ಬಿಟ್ಟರೂ ನಷ್ಟವಿಲ್ಲದ ಕಥೆ.

ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ 'ದಿ ವಿಂಡ್ ಇನ್ ದಿ ವಿಲ್ಲೋಸ್' ಎಂಬ ಮಕ್ಕಳ ಪುಸ್ತಕ ಅಂಥದ್ದು. ಮಗನನ್ನು ಮಲಗಿಸುವಾಗ ಹೇಳಿದ ಕಥೆಗಳಿಂದಲೇ ಅದು ಬೆಳೆಯಿತು. ಹೊಳೆ, ದೋಣಿ, ಬುತ್ತಿ, ಹೊರಗೆ ಹಿಮ ಬೀಳುವಾಗ ಒಳಗೆ ಬೆಚ್ಚಗಿರುವ ಬಿಲ: ಹಲವು ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಕೇಳಬಹುದು. ಇಂಥ ಚಿತ್ರಗಳಿಗೆ ನಿದ್ದೆಯ ನಂಟಿದೆ. ನಿದ್ರಾಹೀನತೆಯಿಂದ ಬಳಲುವ 41 ಮಂದಿಯ ಮೇಲೆ ಆಕ್ಸ್‌ಫರ್ಡ್‌ನ ಸಂಶೋಧಕರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿತವಾದ, ಮನಸ್ಸು ಹಿಡಿದಿಡುವ ದೃಶ್ಯವೊಂದನ್ನು ಕಲ್ಪಿಸಿಕೊಂಡವರು ತಮಗೆ ಬೇಗ ನಿದ್ದೆ ಬಂತೆಂದರು. ಬರೀ 'ಚಿಂತೆಗಳಿಂದ ಗಮನ ತಿರುಗಿಸಿ' ಎಂದು ಹೇಳಿಸಿಕೊಂಡವರಿಗೆ ಆ ಲಾಭ ಸಿಗಲಿಲ್ಲ. ಅಲ್ಲಿ ಬಳಸಿದ್ದು ಆಡಿಯೊಬುಕ್ ಅಲ್ಲ, ನಿಜ. ಆದರೆ ಖಾಲಿ ಬಿಟ್ಟ ಮನಸ್ಸಿಗೆ ಚಿಂತೆ ನುಗ್ಗುತ್ತದೆ, ದೃಶ್ಯ ತುಂಬಿದ ಮನಸ್ಸಿನಲ್ಲಿ ಅದಕ್ಕೆ ಜಾಗ ಕಡಿಮೆ ಎಂಬ ತರ್ಕ ಕಥೆಗೂ ಒಪ್ಪುತ್ತದೆ. ಹಾಗೆಂದು ಮಕ್ಕಳ ಕಥೆಗಳೆಲ್ಲ ಸೌಮ್ಯವಲ್ಲ. ಗ್ರಿಮ್ ಸಹೋದರರ ಕಥೆಗಳಲ್ಲಿ ಕ್ರೌರ್ಯವಿದೆ; ಗ್ರಹಾಂನ ಪುಸ್ತಕದಲ್ಲೇ ಕಪ್ಪೆರಾಯನೆಂಬ ಪಾತ್ರದ ಮೋಟಾರು ಕಾರಿನ ಗಲಾಟೆ ಹಗಲಿಗೇ ಸರಿ.

ದೊಡ್ಡವರಿಗೆ ಮಕ್ಕಳ ಕಥೆ ಬಾಲಿಶವಲ್ಲವೇ ಎನ್ನಬಹುದು. ಆದರೆ ಇವು ದೊಡ್ಡವರೇ ಗಟ್ಟಿಯಾಗಿ ಓದಲೆಂದು ಬರೆದ ವಾಕ್ಯಗಳು. ಅವುಗಳ ಲಯ ಕಿವಿಗೆ ಒಗ್ಗುವುದು ಅದಕ್ಕೇ. ರಾತ್ರಿಯಿಡೀ ಸದ್ದಿದ್ದರೆ ನಿದ್ದೆ ಕೆಡುವುದಿಲ್ಲವೇ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಫೋನಿಗೆ ನಮ್ಮ 'ಹೂಂ' ಕೇಳಿಸದು, ಆದ್ದರಿಂದ ಇಪ್ಪತ್ತು ನಿಮಿಷಕ್ಕೆ ಟೈಮರ್ ಇಟ್ಟು ಪರದೆಯನ್ನು ಕವುಚಿ ಹಾಕಬೇಕು. ಇಂಥ ಕಥೆ ಸಿಗುವ ಜಾಗವೂ ಇದೆ: 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಜಾಲತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿದ್ದಾರೆ, ಎಲ್ಲವೂ ಉಚಿತ. ಅಲ್ಲಿ ಕೆಲವು ಪುಸ್ತಕಗಳಲ್ಲಿ ಅಧ್ಯಾಯಕ್ಕೊಬ್ಬರ ದನಿ ಇರುತ್ತದೆ. ದನಿ ಬದಲಾದರೆ ಎಚ್ಚರವಾದೀತು, ಹಾಗಾಗಿ ಒಬ್ಬರೇ ಓದಿದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೈಕೊಟ್ಟರೆ ಮಾತ್ರ ಕಥೆಯನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಬೇಕು. ಉಳಿದವರು, ನಿನ್ನೆ ಎಲ್ಲಿಗೆ ನಿಂತಿತು ಎಂದು ಹುಡುಕುವುದೂ ಬೇಡ. ಅದೇ ಅಧ್ಯಾಯವನ್ನು ಮೊದಲಿಂದ ಹಾಕಿದರೆ ಸಾಕು. ಗೊತ್ತಿರುವ ಕಥೆಯಲ್ಲಿ ಕಾಯಬೇಕಾದದ್ದು ಏನೂ ಇರುವುದಿಲ್ಲ.