ಸೊರಗುವ ಗಿಡ ಮತ್ತು ಸಸ್ಯದ ಆತ್ಮರಕ್ಷಣೆ

ಗುರುವಾಯನಕೆರೆಯ ಆಸುಪಾಸಿನಲ್ಲಿ ಹಿತ್ತಲ ಬದನೆ, ಟೊಮೆಟೊಗಳನ್ನು ನಂಬಿದ ಕುಟುಂಬಗಳಿಗೆ ಈ ದೃಶ್ಯ ಅಪರಿಚಿತವಲ್ಲ. ನಿನ್ನೆಯವರೆಗೆ ನಳನಳಿಸುತ್ತಿದ್ದ ಗಿಡ ಇಂದು ಮಧ್ಯಾಹ್ನ ಎಲೆಗಳನ್ನು ಜೋತುಹಾಕಿ ನಿಲ್ಲುತ್ತದೆ. ಎಲೆಯ ಹಸಿರು ಮಾಸಿರುವುದಿಲ್ಲ. ಬುಡದಲ್ಲಿ ನೀರಿನ ಕೊರತೆಯೂ ಇರುವುದಿಲ್ಲ. ಆದರೂ ಕೆಲವೇ ದಿನಗಳಲ್ಲಿ ಗಿಡ ಸಾಯುತ್ತದೆ. ತೆನೆಹಬ್ಬದ ಊಟಕ್ಕೆಂದು ಬೆಳೆಸಿದ ಸಾಲು ಹೀಗೆ ಬರಿದಾದಾಗ ಮನೆಯವರಿಗಾಗುವ ನೋವು ಅಲ್ಪವಲ್ಲ. ಕೆಲವರು ದೃಷ್ಟಿ ತಗುಲಿತೆನ್ನುತ್ತಾರೆ. ಕೆಲವರು ಕೈಗೆ ಸಿಕ್ಕಿದ ವಿಷವನ್ನು ಸುರಿಯುತ್ತಾರೆ.

ಇದು ದುಂಡಾಣು ಸೊರಗು ರೋಗ. ರಾಲ್ಸ್ಟೋನಿಯಾ ಸೊಲನೇಸಿಯಾರಮ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲ ಈ ಜೀವಿಯು ಬೇರಿನ ಗಾಯಗಳ ಮೂಲಕ ಒಳಹೊಕ್ಕು, ನೀರು ಮೇಲೇರುವ ನಾಳಗಳಲ್ಲಿ ವೃದ್ಧಿಸಿ, ಲೋಳೆಯಿಂದ ಅವುಗಳನ್ನು ಮುಚ್ಚಿಬಿಡುತ್ತದೆ. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಹಾಲಿನಂತಹ ಬಿಳಿ ಎಳೆ ಇಳಿದುಬರುವುದನ್ನು ಯಾರೂ ಕಾಣಬಹುದು.

ಸಸ್ಯಕ್ಕೆ ಪೋಷಣೆ ಮತ್ತು ಬೆಳವಣಿಗೆಯ ಶಕ್ತಿಯಿದೆ, ಸಂವೇದನೆಯಿಲ್ಲ ಎಂದು ತತ್ತ್ವಜ್ಞಾನಿ ಅರಿಸ್ಟಾಟಲ್ ಬಗೆದಿದ್ದನು. ನಮ್ಮಂತೆ ರಕ್ತವಾಗಲಿ, ಶರೀರದಲ್ಲೆಲ್ಲ ಸಂಚರಿಸುವ ಬಿಳಿ ರಕ್ತಕಣಗಳಾಗಲಿ ಅದಕ್ಕಿಲ್ಲ ನಿಜ. ಆದರೆ ಸಸ್ಯದ ಪ್ರತಿಯೊಂದು ಜೀವಕೋಶವೂ ಶತ್ರುವನ್ನು ಗುರುತಿಸಿ ಪ್ರತಿಭಟಿಸಬಲ್ಲದೆಂದು ಇಂದಿನ ವಿಜ್ಞಾನ ತೋರಿಸಿಕೊಟ್ಟಿದೆ.

ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನಿ ಡಾ. ಎಸ್. ಉಮೇಶ ಮತ್ತು ಅವರ ಸಹೋದ್ಯೋಗಿಗಳು ಈ ಪ್ರತಿಭಟನೆಯನ್ನೇ ಅಭ್ಯಸಿಸಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 20 ಟೊಮೆಟೊ ತಳಿಗಳನ್ನು ಪರೀಕ್ಷಿಸಲಾಯಿತು. ರೋಗಾಣು ಸೋಂಕಿದ ಬಳಿಕ ರೋಗನಿರೋಧಕ ತಳಿಗಳ ಸಸಿಗಳಲ್ಲಿ ಎರಡು ಕಿಣ್ವಗಳು ಚುರುಕುಗೊಂಡವು. ಫೀನೈಲ್ ಅಲನಿನ್ ಅಮೋನಿಯಾ ಲಯೇಸ್ ಎಂಬುದು 12 ಗಂಟೆಗಳಲ್ಲಿ, ಪಾಲಿಫೀನಾಲ್ ಆಕ್ಸಿಡೇಸ್ ಎಂಬುದು 15 ಗಂಟೆಗಳಲ್ಲಿ ತಮ್ಮ ಶಿಖರವನ್ನು ಮುಟ್ಟಿದವು. ರೋಗಾಣುವಿಗೆ ಮಾರಕವಾದ ರಸಾಯನಗಳನ್ನು ಸಿದ್ಧಪಡಿಸುವುದು, ಜೀವಕೋಶದ ಗೋಡೆಯನ್ನು ಗಟ್ಟಿಗೊಳಿಸುವುದು ಇಂತಹ ಕಿಣ್ವಗಳ ಕೆಲಸ. ನಮ್ಮ ಕಣ್ಣಿಗೆ ಎಲೆ ಬಾಡಿದ್ದು ಕಾಣುವ ಎಷ್ಟೋ ಮೊದಲೇ, ಒಂದು ಹಗಲು ಕಳೆಯುವಷ್ಟರಲ್ಲಿ, ಗಿಡದೊಳಗಿನ ಹೋರಾಟ ಬಿರುಸುಗೊಂಡಿರುತ್ತದೆ.

ಇದರಿಂದ ರೈತನು ಗ್ರಹಿಸಬೇಕಾದ ಸತ್ಯ ಸರಳವಾದುದು. ಗಿಡ ಬಾಡಿದ ಮೇಲೆ ಸುರಿಯುವ ವಿಷ ನಾಳದೊಳಗಿನ ಶತ್ರುವನ್ನು ನಾಶಮಾಡದು. ಹಣ ಪೋಲಾಗುತ್ತದೆ, ಬಾವಿಯ ನೀರು ಕೆಡುತ್ತದೆ. ರಕ್ಷಣೆ ನಾಟಿಗೆ ಮೊದಲೇ ಆರಂಭವಾಗಬೇಕು. ಸೊರಗಿದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಅದರ ಬುಡದ ನೀರು ಪಕ್ಕದ ಸಾಲಿಗೆ ಹರಿಯಬಾರದು. ಅದೇ ಜಾಗದಲ್ಲಿ ಮತ್ತೆ ಬದನೆ, ಟೊಮೆಟೊ, ಮೆಣಸು, ಶುಂಠಿಗಳನ್ನು ನೆಡದೆ ಕೆಲವು ವರ್ಷ ಬೇರೆ ಬೆಳೆ ತೆಗೆಯುವುದು ಲೇಸು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಈ ರೋಗವನ್ನು ತಡೆಯಬಲ್ಲದು. ಸುಂಡೆ ಗಿಡದ ಬುಡಕ್ಕೆ ಬದನೆಯನ್ನು ಕಸಿ ಕಟ್ಟುವುದೂ ಫಲಕಾರಿ. ಸ್ಯೂಡೋಮೋನಾಸ್ ಫ್ಲೋರೆಸೆನ್ಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾದಿಂದ ಬೀಜೋಪಚಾರ ಮಾಡಿದರೆ ರೋಗ ತಗ್ಗುವುದೆಂದು ಮೈಸೂರಿನ ಅದೇ ತಂಡದ ಮತ್ತೊಂದು ಅಧ್ಯಯನ ತಿಳಿಸಿತು.

ಸೃಷ್ಟಿಕರ್ತನು ಮೂಕ ಗಿಡಕ್ಕೂ ಆತ್ಮರಕ್ಷಣೆಯ ಸಾಮರ್ಥ್ಯವನ್ನಿತ್ತಿದ್ದಾನೆ. ಆ ಸಾಮರ್ಥ್ಯವನ್ನರಿತು ಅದಕ್ಕೆ ನೆರವಾಗುವುದೇ ಉತ್ತಮ ಕೃಷಿಕನ ಲಕ್ಷಣ. ಈ ಮಳೆಗಾಲದಲ್ಲಿ ಬೀಜ ಬಿತ್ತುವ ಮುನ್ನ ನಮ್ಮ ಮನೆಗಳಲ್ಲಿ ಇದರ ಕುರಿತು ಒಂದಿಷ್ಟು ಮಾತುಕತೆ ನಡೆಯಲಿ.