ಒಂದೇ ಕಥೆ, ಎರಡು ಭಾಷೆ: ಗಡಿ ಮನೆಗಳ ಸೀರಿಯಲ್ ಚರ್ಚೆ

ಹೊಸೂರು: ತಮಿಳಿನಲ್ಲಿ ಮುಗಿದೇಹೋದ ಕಥೆಯನ್ನು ಕನ್ನಡದಲ್ಲಿ ಇನ್ನೂ ಯಾಕೆ ಎಳೆಯುತ್ತಾರೆ? ತಳಿ, ಬಾಗಲೂರು, ಬೇರಿಕೆ ಕಡೆಯ ಮನೆಗಳಲ್ಲಿ ಇದು ಹಳೆಯ ಪ್ರಶ್ನೆ. ಎರಡೂ ಭಾಷೆ ಬಲ್ಲ ಇಲ್ಲಿನವರು ಒಂದೇ ಕಥೆಯನ್ನು ಎರಡು ಸಲ ನೋಡುತ್ತಾರೆ. ಹಾಗಾಗಿ ಕಥೆ ಎಲ್ಲಿ ಬದಲಾಯಿತು ಎಂಬುದು ಬೆಂಗಳೂರಿನವರಿಗಿಂತ ಮೊದಲು ಇವರಿಗೇ ಗೊತ್ತಾಗುತ್ತದೆ.

'ಜೊತೆ ಜೊತೆಯಲಿ' ಧಾರಾವಾಹಿಯನ್ನೇ ನೋಡಿ. ಮೂಲ ಮರಾಠಿಯ 'ತುಲಾ ಪಾಹತೆ ರೆ' 2018ರಲ್ಲಿ ಶುರುವಾಗಿ 2019ರಲ್ಲಿ ಮುಗಿಯಿತು. ಅದೇ ಕಥೆ ಜೀ ತಮಿಳಿನಲ್ಲಿ 2020ರಿಂದ 'ನೀತಾನೆ ಎಂದನ್ ಪೊನ್‌ವಸಂತಂ' ಹೆಸರಿನಲ್ಲಿ ಬಂದು, ಎರಡು ವರ್ಷ ತುಂಬುವ ಮೊದಲೇ ಮುಕ್ತಾಯವಾಯಿತು. ಜೀ ಕನ್ನಡದಲ್ಲಿ ಮಾತ್ರ 2019ರಿಂದ 2023ರವರೆಗೂ ನಡೆಯಿತು!

ಮರಾಠಿಯಲ್ಲಿ ನಾಯಕನೇ ಕೊನೆಗೆ ಖಳನಾಯಕ. ಆದರೆ ಕನ್ನಡದ ಆರ್ಯವರ್ಧನ್ ಮನೆಮನೆಯ ಅಚ್ಚುಮೆಚ್ಚಿನವನಾಗಿದ್ದ. ಅಂಥವನನ್ನು ಕೆಟ್ಟವನೆಂದು ತೋರಿಸುವುದು ಸುಲಭವೇ? ಅಷ್ಟರಲ್ಲಿ 2022ರಲ್ಲಿ ನಟ ಅನಿರುದ್ಧ್ ಹೊರಬಂದರು, ಹರೀಶ್ ರಾಜ್ ಬಂದರು. ಕಥೆಯೊಳಗೆ ಒಂದು ಅಪಘಾತ ನಡೆದುಹೋಯಿತು. ಸೀರಿಯಲ್‌ಗಳಲ್ಲಿ ಅಪಘಾತವಾದರೆ ಅರ್ಧ ಸಲ ಕಾರಣ ರಸ್ತೆಯಲ್ಲ, ಕಾಲ್‌ಶೀಟು.

ಇನ್ನರ್ಧಕ್ಕೆ ಕಾರಣ ಟಿಆರ್‌ಪಿ. ಬಾರ್ಕ್ ಸಂಸ್ಥೆ ದೇಶದಾದ್ಯಂತ ಅರ್ಧ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಮನೆಗಳ ಟಿ.ವಿ.ಗೆ ಮೀಟರ್ ಜೋಡಿಸಿ ವಾರವಾರ ಅಂಕಿ ಕೊಡುತ್ತದೆ. ಅಂಕಿ ಇಳಿದರೆ ತಿರುವು ಬೇಕು, ಏರಿದರೆ ಅದೇ ದೃಶ್ಯವನ್ನು ಎಳೆಯಬೇಕು. ವಾರಕ್ಕೆ ಐದಾರು ಕಂತು ಬರೆಯುವವರಿಗೆ ಕುಳಿತು ಯೋಚಿಸಲು ಬಿಡುವೆಲ್ಲಿ? 'ಪುಟ್ಟಗೌರಿ ಮದುವೆ'ಯ ಗೌರಿ ಕಾಡುಪಾಲಾಗಿ ಹುಲಿ, ಹಾವುಗಳ ನಡುವೆ ಬದುಕಿದ್ದನ್ನು ಜನ ಎಷ್ಟು ಆಡಿಕೊಂಡರೂ ನೋಡುವುದನ್ನಂತೂ ಬಿಡಲಿಲ್ಲ.

ಹಾಸ್ಯ ಧಾರಾವಾಹಿಗಳಿಗೆ ಈ ತಾಪತ್ರಯ ಕಡಿಮೆ. 'ಪಾಪ ಪಾಂಡು'ವಿನಲ್ಲಿ ಪಾಚು ಗಂಡನಿಗೆ ಹೊಡೆಯುತ್ತಲೇ ಇರಬೇಕು, ಪಾಂಡು ತಿನ್ನುತ್ತಲೇ ಇರಬೇಕು. ಪಾತ್ರ ಬದಲಾದರೆ ನಗುವೇ ಹೋಯಿತು. 2018ರಲ್ಲಿ ಅದು ಮತ್ತೆ ಬಂದಾಗಲೂ ಚಿದಾನಂದ್, ಶಾಲಿನಿ ಅವರೇ ಬೇಕಾದರು.

ಪ್ರೇಕ್ಷಕರ ಮಾತನ್ನು ನೇರವಾಗಿ ಕೇಳಿದವರೂ ಇದ್ದಾರೆ. 'ಮುಕ್ತ ಮುಕ್ತ' ಪ್ರಸಾರವಾಗುತ್ತಿದ್ದಾಗ ಟಿ.ಎನ್. ಸೀತಾರಾಂ ಊರೂರಿಗೆ ಹೋಗಿ ಸಂವಾದ ನಡೆಸಿದ್ದರು. ಈಗ ಆ ಜಾಗವನ್ನು ಮೀಟರ್ ಹಿಡಿದಿದೆ.

ಹೊಸೂರಿನವರ ತಕರಾರು ಇರುವುದು ಇಲ್ಲೇ. ಕನ್ನಡ ವಾಹಿನಿಗಳು ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಕರ್ನಾಟಕ ಮಾರುಕಟ್ಟೆಯ ಅಂಕಿಯನ್ನು. ಕೃಷ್ಣಗಿರಿ ಜಿಲ್ಲೆ ತಮಿಳುನಾಡು ಮಾರುಕಟ್ಟೆಗೆ ಸೇರಿದ್ದು. ಅತ್ತಿಬೆಲೆ ಗಡಿಯ ಆಚೆ ಮನೆಯಲ್ಲಿ ಮೀಟರಿದ್ದರೆ ಆರ್ಯವರ್ಧನನ ಹಣೆಬರಹಕ್ಕೆ ಒಂದು ಮತ; ಈಚೆ ಮನೆಯವರು ನಿತ್ಯ ತಪ್ಪದೆ ನೋಡಿದರೂ ಆ ಲೆಕ್ಕಕ್ಕಿಲ್ಲ.

ಇದು ಬರೀ ಮನರಂಜನೆಯ ಮಾತೂ ಅಲ್ಲ. 2006ರ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿದ ಮೇಲೆ, ಮನೆಯಲ್ಲಿ ಕನ್ನಡ ಆಡುವ ಎಷ್ಟೋ ಮಕ್ಕಳು ಓದಿ ಬರೆಯುವುದು ತಮಿಳಿನಲ್ಲೇ. ಅಜ್ಜಿಯ ಪಕ್ಕ ಕೂತು ಸೀರಿಯಲ್ ನೋಡುವ ಅರ್ಧ ಗಂಟೆಯಲ್ಲಿ ಅವರ ಕಿವಿಗೆ ಮನೆಯಾಚೆಯ ಕನ್ನಡ ಬೀಳುತ್ತದೆ. ಅದು ಅರ್ಧ ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡ ಎಂಬುದು ಬೇರೆ ಮಾತು. ಅರ್ಥವಾಗದ ಪದವನ್ನು ಮೊಮ್ಮಗ ಕೇಳುತ್ತಾನೆ, ಅಜ್ಜಿ ಜಾಹೀರಾತು ಬರುವವರೆಗೆ ತಡಿ ಎನ್ನುತ್ತಾಳೆ.